ಉದ್ಯೋಗವಿಲ್ಲದ ದಿನಗಳೂ ದೇವರು ಕೊಟ್ಟ ದಿನಗಳೇ

ಭಾನುವಾರದ ಬಲಿಪೂಜೆ ಮುಗಿದು ಜನರು ಇಗರ್ಜಿಯ ಅಂಗಳಕ್ಕೆ ಇಳಿಯುವ ಹೊತ್ತಿನಲ್ಲಿ ಕೇಳಿಬರುವ ಪ್ರಶ್ನೆಗಳಲ್ಲಿ ಅತ್ಯಂತ ಸಹಜವಾದುದೂ ಅತ್ಯಂತ ನೋವು ಕೊಡುವುದೂ ಒಂದೇ ಆಗಿದೆ: 'ಈಗ ಕೆಲಸ ಎಲ್ಲಿ?' ಕೇಳುವವರ ಪಾಲಿಗೆ ಇದು ಕುಶಲೋಪರಿಯ ಮಾತು. ಆದರೆ ವರ್ಷವೊಂದರಿಂದ ಕೆಲಸವಿಲ್ಲದೆ ಮನೆಯಲ್ಲಿರುವವನಿಗೆ ಅದು ಕಟಕಟೆಯಲ್ಲಿ ನಿಲ್ಲಿಸಿ ಕೇಳಿದ ಪ್ರಶ್ನೆಯಂತೆ ತೋರುತ್ತದೆ. ಮೊದಮೊದಲು ಆತ ಏನೋ ಒಂದು ಉತ್ತರ ಹೇಳುತ್ತಾನೆ. ಕೆಲವು ವಾರಗಳಾದ ಮೇಲೆ ಕೊನೆಯ ಆಶೀರ್ವಾದಕ್ಕೆ ಮುನ್ನವೇ ಪಕ್ಕದ ಬಾಗಿಲಿನಿಂದ ಹೊರಟುಬಿಡುತ್ತಾನೆ. ಆಮೇಲೆ ಪೂಜೆಗೆ ಬರುವುದನ್ನೇ ನಿಲ್ಲಿಸುತ್ತಾನೆ. ಅವನ ವಿಶ್ವಾಸ ಕುಂದಿತೆಂದು ಊರು ತೀರ್ಮಾನಿಸುತ್ತದೆ. ಬಹಳಷ್ಟು ಸಲ ಕುಂದಿರುವುದು ನಾಲ್ಕು ಜನರೆದುರು ನಿಲ್ಲುವ ಧೈರ್ಯ ಮಾತ್ರ.

ಇಂಥವರು ಇಂದು ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ವಿರಳರಲ್ಲ. ಪದವಿ ಮುಗಿಸಿ ಅರ್ಜಿ ಹಾಕುತ್ತಲೇ ಎರಡು ವರ್ಷ ಕಳೆದ ಯುವಕ ಯುವತಿಯರಿದ್ದಾರೆ. ಕೊಲ್ಲಿ ರಾಷ್ಟ್ರದಲ್ಲಿ ಹದಿನೈದು ವರ್ಷ ದುಡಿದು, ಕಂಪೆನಿ ಆಳುಗಳನ್ನು ಕಡಿಮೆ ಮಾಡಿದ್ದರಿಂದ ನಲವತ್ತೈದರ ವಯಸ್ಸಿನಲ್ಲಿ ಹಿಂತಿರುಗಿದ ಮನೆಯ ಯಜಮಾನರಿದ್ದಾರೆ. ಬೆಂಗಳೂರಿನ ಕಚೇರಿಯಿಂದ ಒಂದೇ ಇ-ಮೇಲ್ ಮೂಲಕ ಹೊರಗೆ ಕಳುಹಿಸಲ್ಪಟ್ಟವರಿದ್ದಾರೆ. ಮಗು ಹುಟ್ಟಿದಾಗ ಕೆಲಸ ಬಿಟ್ಟು, ಮರಳಿ ಸೇರುವ ದಾರಿ ಕಾಣದ ತಾಯಂದಿರಿದ್ದಾರೆ. ಕೆಲಸ ಹುಡುಕುವ ವಿಧಾನವನ್ನು ಇವರಿಗೆ ಹೇಳಿಕೊಡುವವರು ಅನೇಕ. ಕೆಲಸ ಸಿಗುವ ತನಕದ ದೀರ್ಘಕಾಲವನ್ನು ಬಾಳುವುದು ಹೇಗೆ ಎಂಬುದನ್ನು ಅವರೊಡನೆ ಕುಳಿತು ಯೋಚಿಸುವವರು ಕಡಿಮೆ. ಇಂದು ನಾವು ವಿಚಾರಕ್ಕೆ ಎತ್ತಿಕೊಂಡಿರುವುದು ಈ ವಿಷಯವನ್ನೇ.

ನಿರುದ್ಯೋಗ ನಮ್ಮ ನಾಡಿಗೆ ಹೊಸತಲ್ಲ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ನದಿಯ ದಡಗಳಲ್ಲಿ ಎದ್ದುನಿಂತ ಕಾರ್ಖಾನೆಗಳು ಬಹುಕಾಲ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟವು. ಕಾಂಕ್ರೀಟಿನ ತಾರಸಿಗಳು ಬಂದ ಮೇಲೆ ಅವುಗಳಲ್ಲಿ ಹೆಚ್ಚಿನವು ಬಾಗಿಲು ಹಾಕಿದವು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತಿನ ಮೇಲೆ ಆಕ್ರಮಣ ಮಾಡಿದಾಗ ಲಕ್ಷಕ್ಕೂ ಮಿಕ್ಕಿದ ಭಾರತೀಯರನ್ನು ಅಮ್ಮಾನ್ ಮಾರ್ಗವಾಗಿ ತಾಯ್ನಾಡಿಗೆ ಕರೆತರಬೇಕಾಯಿತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಡಿಸೆಂಬರ್ 31ರಂದು ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. 2020ರ ಮೇ 12ರಂದು, ಕೊರೋನಾ ಕಾಲದಲ್ಲಿ, ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂದಿಳಿಯಿತು. ಹಾಗೆ ಬಂದವರಲ್ಲಿ ಎಲ್ಲರಿಗೂ ಮರಳಿ ಹೋಗುವ ಭಾಗ್ಯ ದೊರೆಯಲಿಲ್ಲ. ಕಾರಣಗಳು ಬೇರೆ ಬೇರೆ. ಆದರೆ ಪ್ರತಿ ಬಾರಿಯೂ ಮನೆಯೊಳಗೆ ಉಳಿದ ಪ್ರಶ್ನೆ ಒಂದೇ: ನಾಳೆ ಬೆಳಗ್ಗೆ ಎದ್ದು ಮಾಡುವುದೇನು?

ಕಳೆದುಹೋಗುವುದು ಸಂಬಳ ಮಾತ್ರವೇ?

ಕೆಲಸ ಹೋದಾಗ ಹೋಗುವುದು ಸಂಬಳ ಎಂದು ನಾವೆಲ್ಲ ಭಾವಿಸುತ್ತೇವೆ. ಸಂಬಳ ಹೋಗುವುದು ಸಣ್ಣ ಸಂಗತಿಯಲ್ಲ; ಸಾಲದ ಕಂತು, ಮಕ್ಕಳ ಶುಲ್ಕ, ವೃದ್ಧ ತಾಯಿಯ ಔಷಧ ಯಾವುದೂ ಕಾಯುವುದಿಲ್ಲ. ಆದರೆ ಸಂಬಳದ ಜೊತೆಗೆ ಇನ್ನೊಂದು ಹೋಗುತ್ತದೆ. ಅದನ್ನು ಶಾಸ್ತ್ರೀಯವಾಗಿ ಕಂಡು ದಾಖಲಿಸಿದ ಒಂದು ಅಧ್ಯಯನವನ್ನು ಇಲ್ಲಿ ಸ್ಮರಿಸುವುದು ಉಚಿತ.

ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಸಮೀಪ ಮಾರಿಯೆಂತಾಲ್ ಎಂಬ ಪುಟ್ಟ ಊರಿದೆ. ಅಲ್ಲಿನ 478 ಕುಟುಂಬಗಳಲ್ಲಿ ಬಹುಪಾಲು ಒಂದೇ ಬಟ್ಟೆ ಗಿರಣಿಯನ್ನು ನಂಬಿ ಬಾಳುತ್ತಿದ್ದವು. 1929ರಿಂದ ಗಿರಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಮೇರಿ ಯಹೋಡ, ಪೌಲ್ ಲಾಜರ್ಸ್‌ಫೆಲ್ಡ್, ಹನ್ಸ್ ಝೈಸೆಲ್ ಎಂಬ ತರುಣ ಸಂಶೋಧಕರೂ ಅವರ ಸಂಗಡಿಗರೂ 1931ರ ಕೊನೆಯಲ್ಲಿ ಅಲ್ಲಿಗೆ ಹೋಗಿ, ಜನರೊಡನೆ ಬೆರೆತು, ಕಂಡದ್ದನ್ನು 1933ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಕೆಲಸವಿಲ್ಲದ ಮೇಲೆ ಬೇಕಾದಷ್ಟು ಬಿಡುವು ಇದೆ, ಆದ್ದರಿಂದ ಜನರು ಹೆಚ್ಚು ಓದಿರಬೇಕು, ಹೆಚ್ಚು ಕಲಿತಿರಬೇಕು ಎಂದು ಯಾರಾದರೂ ಊಹಿಸುವುದು ಸಹಜ. ನಡೆದದ್ದು ವಿಪರೀತ. ಊರಿನ ಗ್ರಂಥಾಲಯದಲ್ಲಿ ಪುಸ್ತಕ ಪಡೆಯಲು ಶುಲ್ಕವೇ ಇಲ್ಲವೆಂದರೂ ಪುಸ್ತಕ ಒಯ್ಯುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಬೀದಿಯಲ್ಲಿ ಗಂಡಸರ ನಡಿಗೆ ನಿಧಾನವಾಗಿತ್ತು. ಸ್ವಲ್ಪ ದೂರ ನಡೆದು ನಿಲ್ಲುವುದು, ಮತ್ತೆ ನಡೆಯುವುದು. ಅನೇಕರು ಕೈಗಡಿಯಾರ ಕಟ್ಟುವುದನ್ನೇ ಬಿಟ್ಟಿದ್ದರು. ಇಡೀ ದಿನ ಏನು ಮಾಡಿದಿರಿ ಎಂದು ಬರೆದುಕೊಡಲು ಹೇಳಿದರೆ ಬೆಳಗ್ಗೆ ಎದ್ದದ್ದು, ಮಧ್ಯಾಹ್ನ ಉಂಡದ್ದು, ರಾತ್ರಿ ಮಲಗಿದ್ದು ಮಾತ್ರ ಅವರಿಗೆ ನೆನಪಾಗುತ್ತಿತ್ತು. ನಡುವಿನ ಗಂಟೆಗಳು ಎಲ್ಲಿ ಹೋದವೆಂದು ಅವರಿಗೇ ತಿಳಿಯದು. ಅದೇ ಊರಿನ ಹೆಂಗಸರು ಮಾತ್ರ ಬಿರುಸಿನಿಂದ ನಡೆಯುತ್ತಿದ್ದರು. ಗಿರಣಿಯ ಕೂಲಿ ಅವರಿಗೂ ಹೋಗಿತ್ತು. ಆದರೆ ಒಲೆ, ಬಟ್ಟೆ, ಮಕ್ಕಳು ಅವರ ದಿನಕ್ಕೆ ಒಂದು ರೂಪವನ್ನು ಉಳಿಸಿಕೊಟ್ಟಿದ್ದವು.

ಇದರಿಂದ ನಾವು ಮನಗಾಣಬೇಕಾದ ಸತ್ಯವೊಂದಿದೆ. ಬಿಡುವು ತಾನೇ ತಾನಾಗಿ ವರವಾಗುವುದಿಲ್ಲ. ಉದ್ಯೋಗವು ನಮಗೆ ತಿಳಿಯದಂತೆಯೇ ಬೆಳಗ್ಗೆ ಏಳಲು ಕಾರಣವನ್ನೂ, ಭೇಟಿಯಾಗಲು ಜನರನ್ನೂ, ದಣಿದು ಮನೆಗೆ ಮರಳುವ ಸುಖವನ್ನೂ ಕೊಡುತ್ತಿರುತ್ತದೆ. ಅದು ಹೋದಾಗ ದಿನದ ಚೌಕಟ್ಟೇ ಕಳಚಿ ಬೀಳುತ್ತದೆ. ಚೌಕಟ್ಟಿಲ್ಲದ ದಿನ ಎಷ್ಟೇ ದೊಡ್ಡದಾಗಿದ್ದರೂ ಸೋರುವ ಕೊಡದಂತೆ.

ಸಂತ ಅಗಸ್ಟೀನರು ತಮ್ಮ 'ಪಾಪನಿವೇದನೆ'ಗಳ ಹನ್ನೊಂದನೆಯ ಭಾಗದಲ್ಲಿ ಕಾಲವೆಂದರೇನೆಂಬ ಪ್ರಶ್ನೆಯನ್ನು ದೀರ್ಘವಾಗಿ ಚಿಂತಿಸಿದ್ದಾರೆ. ಕಾಲವನ್ನು ನಾವು ಅಳೆಯುವುದು ಆತ್ಮದಲ್ಲಿ. ಕಳೆದದ್ದು ನೆನಪಾಗಿ, ಇರುವುದು ಗಮನವಾಗಿ, ಬರುವುದು ನಿರೀಕ್ಷೆಯಾಗಿ ಅಲ್ಲಿ ನೆಲೆಸಿರುತ್ತದೆ ಎಂಬುದು ಅವರ ವಿಚಾರದ ಸಾರ. ನಿರುದ್ಯೋಗಿಯ ಸಂಕಟವನ್ನು ಇದಕ್ಕಿಂತ ಚೆನ್ನಾಗಿ ವಿವರಿಸಲು ಸಾಧ್ಯವಿಲ್ಲವೆಂದು ನಮಗೆ ತೋರುತ್ತದೆ. ಆತನ ಆತ್ಮವನ್ನೆಲ್ಲ ನಿರೀಕ್ಷೆಯೇ ನುಂಗಿಬಿಡುತ್ತದೆ. ಫೋನು ಬರಬಹುದು, ಪತ್ರ ಬರಬಹುದು, ಪರಿಚಯದವರು ಮಾತು ಉಳಿಸಿಕೊಳ್ಳಬಹುದು. ಉಳಿದ ಸ್ವಲ್ಪ ಜಾಗದಲ್ಲಿ ಹಿಂದಿನ ಕೆಲಸದ ನೆನಪು, ಆದ ಅನ್ಯಾಯದ ನೆನಪು. ಇಂದಿಗೆ ಕೊಡಲು ಗಮನವೇ ಉಳಿಯುವುದಿಲ್ಲ. ಆದ್ದರಿಂದ ಸಮಯದ ಸದುಪಯೋಗ ಎಂದರೆ ಗಂಟೆಗಳನ್ನು ತುಂಬಿಸುವುದೆಂದು ಅರ್ಥವಲ್ಲ. ಇಂದಿನ ದಿನಕ್ಕೆ ಸಲ್ಲಬೇಕಾದ ಗಮನವನ್ನು ಮರಳಿ ಪಡೆಯುವುದು.

ಉದ್ಯೋಗ ಬೇರೆ, ಕೆಲಸ ಬೇರೆ

'ಉದ್ಯೋಗಂ ಪುರುಷಲಕ್ಷಣಂ' ಎಂಬ ಗಾದೆ ನಮ್ಮ ಮನೆಗಳಲ್ಲಿ ಬಹಳ ಬಳಕೆಯಲ್ಲಿದೆ. ಪರಿಶ್ರಮಕ್ಕೆ ಪ್ರೋತ್ಸಾಹ ಕೊಡುವ ಮಾತಾಗಿ ಅದು ಒಳ್ಳೆಯದೇ. ಆದರೆ ಸಂಬಳವಿಲ್ಲದವನು ಪುರುಷನೇ ಅಲ್ಲ ಎಂಬರ್ಥದಲ್ಲಿ ಅದನ್ನು ಪ್ರಯೋಗಿಸಿದಾಗ ಅದು ಮನುಷ್ಯನನ್ನು ಚುಚ್ಚುವ ಮುಳ್ಳಾಗುತ್ತದೆ. 1981ರ ಸೆಪ್ಟೆಂಬರ್ 14ರಂದು ಪೋಪ್ ದ್ವಿತೀಯ ಜಾನ್ ಪಾವ್ಲರು ಮಾನವ ಶ್ರಮದ ಕುರಿತು ಹೊರಡಿಸಿದ 'ಲಬೋರೆಂ ಎಕ್ಸೆರ್ಚೆನ್ಸ್' ಎಂಬ ವಿಶ್ವಪತ್ರವು ಬೇರೆ ದಿಕ್ಕನ್ನು ತೋರಿಸುತ್ತದೆ. ಶ್ರಮಕ್ಕೆ ಘನತೆ ಬರುವುದು ಶ್ರಮಿಸುವವನು ಮನುಷ್ಯನಾಗಿರುವುದರಿಂದ. ಮನುಷ್ಯನಿಗೆ ಘನತೆ ಬರುವುದು ಅವನ ಹುದ್ದೆಯಿಂದಲ್ಲ. ಅದೇ ಪತ್ರವು ನಿರುದ್ಯೋಗವನ್ನು ಸಮಾಜದ ಕೇಡೆಂದು ಪರಿಗಣಿಸಿ, ಕೆಲಸವಿಲ್ಲದವರ ಜೀವನಾಧಾರಕ್ಕೆ ನೆರವಾಗುವುದು ಸಮಾಜದ ಕರ್ತವ್ಯವೆಂದೂ ಹೇಳಿದೆ. ಆದ್ದರಿಂದ ಸಮಯವನ್ನು ಚೆನ್ನಾಗಿ ಬಳಸಿರಿ ಎಂದು ನಿರುದ್ಯೋಗಿಗಳಿಗೆ ಹೇಳುವ ಈ ಲೇಖನವನ್ನು ಯಾರೂ ಅವರ ಮೇಲಿನ ಆರೋಪವೆಂದು ಓದಬಾರದು. ಕೆಲಸ ಇಲ್ಲದಿರುವುದು ಅವರ ತಪ್ಪೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಕಾರ್ಖಾನೆ ಮುಚ್ಚಿದ್ದಕ್ಕೆ ಕಾರ್ಮಿಕ ತಡವಾಗಿ ಎದ್ದದ್ದು ಕಾರಣವಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಮಗ ಒಂಬತ್ತು ಗಂಟೆಯಾದರೂ ಹಾಸಿಗೆ ಬಿಡುವುದಿಲ್ಲ, ಹೇಳಿದ ಮಾತು ಕೇಳುವುದಿಲ್ಲ, ಸೋಮಾರಿಯಾಗಿದ್ದಾನೆ ಎಂದು ತಂದೆ ತಾಯಿ ನಮ್ಮಲ್ಲಿ ದೂರುವುದುಂಟು. ಸಂತ ತೋಮಾಸ್ ಅಕ್ವಿನಾಸರು 'ಅಸೆದಿಯಾ' ಎಂಬ ಆತ್ಮದ ಜಡತೆಯನ್ನು ವಿಶ್ಲೇಷಿಸುವಾಗ ಅದನ್ನು ಒಂದು ಬಗೆಯ ದುಃಖವೆಂದು ಗುರುತಿಸಿದ್ದಾರೆ. ಹೊರಗೆ ಸೋಮಾರಿತನದಂತೆ ಕಾಣುವುದರ ಬೇರು ಹಲವು ಸಲ ಒಳಗಿನ ದುಃಖದಲ್ಲಿರುತ್ತದೆ. ಇಪ್ಪತ್ತು ಕಡೆ ನಿರಾಕರಣೆ ಕಂಡ ಯುವಕನಿಗೆ ಏಳಲು ಮನಸ್ಸಿಲ್ಲವೆಂದರೆ ಬೈಗುಳದಿಂದ ಅವನು ಏಳುವುದಿಲ್ಲ. ದುಃಖ ಮಿತಿಮೀರಿ ನಿದ್ರೆ, ಹಸಿವು, ಮಾತು ಎಲ್ಲವೂ ಕೆಟ್ಟಿದ್ದರೆ, ಬದುಕೇ ಬೇಡವೆಂಬ ಮಾತು ಬಾಯಲ್ಲಿ ಬಂದಿದ್ದರೆ, ಪ್ರಾರ್ಥನೆಯ ಜೊತೆಗೆ ವೈದ್ಯರ ಬಳಿಗೂ ಕರೆದೊಯ್ಯಬೇಕು. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಮಾತನಾಡಲು ಹಣ ಕೊಡಬೇಕಾಗಿಲ್ಲ. ಜ್ವರಕ್ಕೆ ಔಷಧ ತರಲು ನಾಚದ ನಾವು ಇದಕ್ಕೆ ನಾಚುವ ಅಗತ್ಯವಿಲ್ಲ.

ದಿನಕ್ಕೊಂದು ಚೌಕಟ್ಟು

ಹಾಗಾದರೆ ಮಾಡಬೇಕಾದುದೇನು? ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗೆ ಬರೆದ ನಿಯಮಾವಳಿಯ 48ನೆಯ ಅಧ್ಯಾಯದಲ್ಲಿ ಕೈಕೆಲಸಕ್ಕೆ ಇಂತಿಷ್ಟು ಹೊತ್ತು, ಓದಿಗೆ ಇಂತಿಷ್ಟು ಹೊತ್ತು ಎಂದು ಋತುಮಾನಕ್ಕೆ ತಕ್ಕಂತೆ ದಿನವನ್ನು ಭಾಗ ಮಾಡಿಕೊಟ್ಟರು. ಮಠವಾಸಿಗಳಿಗೆ ಸಂಬಳವಿರಲಿಲ್ಲ, ಆದರೂ ಅವರ ದಿನಕ್ಕೆ ರೂಪವಿತ್ತು. ಗದ್ದೆಯಲ್ಲಿ ಉಳುವವನಿಗೂ ಮನೆಯಲ್ಲಿ ಅಡುಗೆ ಮಾಡುವವಳಿಗೂ ಹೊತ್ತು ತಿಳಿಯಲೆಂದೇ ನಮ್ಮ ಇಗರ್ಜಿಗಳ ಗಂಟೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ಆಮೋರಿ ಪ್ರಾರ್ಥನೆಗಾಗಿ ಬಾರಿಸುತ್ತಾ ಬಂದಿದೆ. ಕೆಲಸ ಕಳೆದುಕೊಂಡವನು ಮೊದಲು ಮಾಡಬೇಕಾದುದು ಏಳುವ ಹೊತ್ತನ್ನೂ ಮಲಗುವ ಹೊತ್ತನ್ನೂ ಬದಲಾಯಿಸದಿರುವುದು. ಕಚೇರಿಗೆ ಹೋಗುವಾಗ ಎದ್ದಂತೆಯೇ ಏಳುವುದು, ಮಿಂದು ಉಡುಪು ಧರಿಸಿ ಸಿದ್ಧನಾಗುವುದು ಹೊರನೋಟಕ್ಕೆ ಅಲ್ಪ ಸಂಗತಿ. ಮನಸ್ಸಿನ ಪಾಲಿಗೆ ಅದು ಆಧಾರಸ್ತಂಭ.

ಎರಡನೆಯದಾಗಿ, ಕೆಲಸ ಹುಡುಕುವುದಕ್ಕೆ ಒಂದು ಮಿತಿ ಇರಲಿ. ಇದನ್ನು ಕೇಳಿ ಕೆಲವರು ಹುಬ್ಬೇರಿಸಬಹುದು. ಬೆಳಗ್ಗೆ ಮೂರು ಗಂಟೆಗಳ ಕಾಲ ಶ್ರದ್ಧೆಯಿಂದ ಅರ್ಜಿ ಬರೆಯುವುದು, ಪರಿಚಿತರನ್ನು ವಿಚಾರಿಸುವುದು, ಸಂದರ್ಶನಕ್ಕೆ ಸಿದ್ಧತೆ ಮಾಡುವುದು. ಆಮೇಲೆ ಫೋನನ್ನು ಬದಿಗಿಟ್ಟು ಏಳುವುದು. ಇಡೀ ದಿನ ಫೋನಿನ ಪರದೆಯನ್ನು ತೀಡುತ್ತಾ ಕುಳಿತರೆ ಕೆಲಸ ಬೇಗ ಸಿಗುವುದಿಲ್ಲ. ಹುಡುಕುವ ಶಕ್ತಿಯೇ ಬೇಗ ಬತ್ತಿಹೋಗುತ್ತದೆ.

ಮೂರನೆಯದಾಗಿ, ದಿನದಲ್ಲಿ ಒಂದಷ್ಟು ಹೊತ್ತು ಕೈಗಳಿಗೆ ಕೆಲಸವಿರಲಿ. ಉಡುಪಿ ಜಿಲ್ಲೆಯ ಶಂಕರಪುರದ ಸುತ್ತಲಿನ ಮಲ್ಲಿಗೆ ತೋಟಗಳನ್ನು ಬಲ್ಲವರಿಗೆ ಈ ಮಾತಿನ ಅರ್ಥ ಬೇಗ ತಿಳಿದೀತು. ಅಲ್ಲಿ ಅನೇಕ ಕ್ರೈಸ್ತ ಕುಟುಂಬಗಳ ಅಂಗಳದಲ್ಲಿ ಮಲ್ಲಿಗೆಯೇ ಗಡಿಯಾರ. ನಸುಕಿನಲ್ಲಿ ಮೊಗ್ಗು ಕೊಯ್ಯಬೇಕು. ಮನೆಮಂದಿ ಕುಳಿತು ಬಾಳೆನಾರಿನಲ್ಲಿ ಕಟ್ಟಬೇಕು. ಹೂ ಒಯ್ಯುವವರು ಬರುವ ಮೊದಲೇ ಚೆಂಡು ಸಿದ್ಧವಾಗಿರಬೇಕು. ನಾಳೆ ಕೊಯ್ಯುತ್ತೇನೆಂದರೆ ಮೊಗ್ಗು ಕೇಳುವುದಿಲ್ಲ. ದರ ಒಂದು ದಿನ ಏರುತ್ತದೆ, ಮತ್ತೊಂದು ದಿನ ಇಳಿಯುತ್ತದೆ. ಆದರೆ ಗಿಡ ತನ್ನನ್ನು ನೋಡಿಕೊಳ್ಳುವವರ ದಿನಕ್ಕೆ ರೂಪ ಕೊಟ್ಟೇ ಕೊಡುತ್ತದೆ. ಎಲ್ಲರಿಗೂ ಮಲ್ಲಿಗೆಯ ತೋಟವಿಲ್ಲ, ನಿಜ. ಆದರೆ ಸೋರುವ ಮಾಡು, ಹೂಳು ತುಂಬಿದ ಬಾವಿ, ಬೇಲಿಯಿಲ್ಲದ ಹಿತ್ತಿಲು ಇಲ್ಲದ ಮನೆ ಯಾವುದಿದೆ? ನಾಲ್ಕು ಬುಡ ಬಸಳೆ ಬೆಳೆಸಿದವನಿಗೆ ಸಂಜೆ ತಾನು ಮಾಡಿದ್ದು ಕಣ್ಣಿಗೆ ಕಾಣುತ್ತದೆ. ಇಪ್ಪತ್ತು ಅರ್ಜಿ ಕಳುಹಿಸಿದವನಿಗೆ ಏನೂ ಕಾಣುವುದಿಲ್ಲ. ಕಣ್ಣಿಗೆ ಕಾಣುವ ಫಲ ಮನುಷ್ಯನಿಗೆ ಅನ್ನದಷ್ಟೇ ಅಗತ್ಯ.

ನಾಲ್ಕನೆಯದಾಗಿ ಕಲಿಕೆ. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಹಾಗೂ ಕೆನರಾ ಬ್ಯಾಂಕುಗಳ ಸಹಯೋಗದೊಂದಿಗೆ ಉಜಿರೆಯಲ್ಲಿ ಆರಂಭಗೊಂಡ ರುಡ್‌ಸೆಟ್ ಸಂಸ್ಥೆಯು ನಿರುದ್ಯೋಗಿ ಯುವಜನರಿಗೆ ಊಟ ವಸತಿ ಸಹಿತ ಉಚಿತ ತರಬೇತಿ ಕೊಡುತ್ತಿದೆ. ಅದರ ಮಾದರಿಯನ್ನೇ ದೇಶದ ಜಿಲ್ಲೆಗಳಿಗೆ ವಿಸ್ತರಿಸಲಾಗಿದೆ. ಹೊಲಿಗೆ, ಹೈನುಗಾರಿಕೆ, ವಾಹನ ದುರಸ್ತಿ ಮುಂತಾದ ಕಸುಬುಗಳನ್ನು ಕೆಲವೇ ವಾರಗಳಲ್ಲಿ ಕಲಿತು ಹೊರಬಂದವರು ನಮ್ಮ ನಡುವೆಯೇ ಇದ್ದಾರೆ. ಕರ್ನಾಟಕ ಸರಕಾರವು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಕೊಟ್ಟ ಯುವನಿಧಿ ಯೋಜನೆಯಲ್ಲಿ ಅರ್ಹ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಗಳನ್ನು ಗರಿಷ್ಠ ಎರಡು ವರ್ಷ ಕೊಡುವ ವ್ಯವಸ್ಥೆ ಮಾಡಲಾಯಿತು. ಇಂಥ ನೆರವನ್ನು ಪಡೆಯುವುದು ಭಿಕ್ಷೆಯೆಂದು ತಿಳಿದು ಅರ್ಜಿ ಹಾಕದಿರುವ ಕುಟುಂಬಗಳಿವೆ. ನಿರುದ್ಯೋಗಿಗೆ ನೆರವಾಗುವುದು ಸಮಾಜದ ಕರ್ತವ್ಯವಾದ ಮೇಲೆ ಅದನ್ನು ಸ್ವೀಕರಿಸುವುದರಲ್ಲಿ ಅವಮಾನವೇನಿದೆ?

ಐದನೆಯದಾಗಿ, ದೊಡ್ಡ ಕೆಲಸ ಸಿಗುವ ತನಕ ಚಿಕ್ಕ ಕೆಲಸವನ್ನು ಹೀನವೆಂದು ತಿಳಿಯಬಾರದು. ಸಂತ ಪಾವ್ಲರು ಗಮಾಲಿಯೇಲನಂಥ ಗುರುವಿನ ಬಳಿ ಧರ್ಮಶಾಸ್ತ್ರ ಕಲಿತವರು. ಕೊರಿಂಥದಲ್ಲಿ ಗುಡಾರ ಹೊಲಿದು ಹೊಟ್ಟೆ ಹೊರೆದರು. ಎಂಜಿನಿಯರಿಂಗ್ ಓದಿದವನು ಆರು ತಿಂಗಳು ಅಂಗಡಿಯಲ್ಲಿ ಲೆಕ್ಕ ಬರೆದರೆ ಓದು ವ್ಯರ್ಥವಾಯಿತೆಂದು ನಗುವ ನೆಂಟರಿಗೆ ನಾವು ಪಾವ್ಲರ ಗುಡಾರವನ್ನು ನೆನಪಿಸಬಯಸುತ್ತೇವೆ.

ಕೊನೆಯದಾಗಿ, ರಾತ್ರಿ ಮಲಗುವ ಮುನ್ನ ಒಂದು ಪುಸ್ತಕದಲ್ಲಿ ಆ ದಿನ ಮಾಡಿದ್ದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಸಂತ ಇಗ್ನಾಸಿಯವರು ಕಲಿಸಿದ ದಿನದ ಆತ್ಮಪರಿಶೀಲನೆ ಪಾಪಗಳ ಪಟ್ಟಿಯಿಂದಲ್ಲ, ಪಡೆದ ವರಗಳಿಗೆ ದೇವರನ್ನು ವಂದಿಸುವುದರಿಂದ ಆರಂಭವಾಗುತ್ತದೆ. ಮಾರಿಯೆಂತಾಲಿನ ಗಂಡಸರಿಗೆ ಮರೆತುಹೋದ ಆ ಗಂಟೆಗಳು ಈ ನಾಲ್ಕು ಸಾಲುಗಳಲ್ಲಿ ನಮಗೆ ಉಳಿದುಕೊಳ್ಳುತ್ತವೆ. ಭಾನುವಾರವನ್ನು ಮಾತ್ರ ಭಾನುವಾರವಾಗಿಯೇ ಉಳಿಸಿಕೊಳ್ಳಬೇಕು. ಕೆಲಸವಿಲ್ಲದವನಿಗೆ ಎಲ್ಲ ದಿನವೂ ರಜೆ ಎಂಬುದು ಕ್ರೂರ ಹಾಸ್ಯ. ಆರು ದಿನಗಳಿಗೆ ರೂಪ ಕೊಟ್ಟವನಿಗೆ ಮಾತ್ರ ಏಳನೆಯ ದಿನದ ವಿಶ್ರಾಂತಿ ದೊರೆಯುತ್ತದೆ.

ಖಾಲಿ ಸಮಯವನ್ನು ಹೊಂಚುಹಾಕುವವರೂ ಇದ್ದಾರೆಂಬುದನ್ನು ಮರೆಯಬಾರದು. ಮದ್ಯದ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅಷ್ಟರಲ್ಲಿ ಎಷ್ಟು ಮನೆಗಳ ಒಡವೆ ಅಡವಿಗೆ ಹೋಗಿತ್ತೋ ದೇವರೇ ಬಲ್ಲ. ಕೈತುಂಬ ಸಂಬಳದ ಆಸೆ ತೋರಿಸಿ ಯುವಜನರನ್ನು ಕಾಂಬೋಡಿಯ, ಮ್ಯಾನ್ಮಾರ್ ಮುಂತಾದೆಡೆ ಒಯ್ದು ಸೈಬರ್ ವಂಚನೆಯ ಕೂಟಗಳಲ್ಲಿ ದುಡಿಸಿದ ಪ್ರಕರಣಗಳು ಇತ್ತೀಚಿನ ವರ್ಷಗಳಲ್ಲಿ ಬೆಳಕಿಗೆ ಬಂದಿವೆ. ವಿದೇಶಕ್ಕೆ ಕಳುಹಿಸುವೆನೆನ್ನುವ ಏಜೆಂಟನ ಹೆಸರು 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿಯಾಗಿದೆಯೇ ಎಂಬುದನ್ನು ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಪರಿಶೀಲಿಸಿದ ಮೇಲೆಯೇ ಹಣದ ಮಾತು. ಹತಾಶೆಯ ಹೊತ್ತಿನಲ್ಲಿ ಒಬ್ಬನೇ ನಿರ್ಧಾರ ಕೈಗೊಳ್ಳದೆ ಅನುಭವಸ್ಥರೊಡನೆ ಕುಳಿತು ಮಾತಾಡುವುದು ಲೇಸು.

ಕುಟುಂಬದ ಹೊಣೆ, ಧರ್ಮಕೇಂದ್ರದ ಹೊಣೆ

ಇಲ್ಲಿಯವರೆಗೆ ಹೇಳಿದ್ದು ಕೆಲಸವಿಲ್ಲದವರಿಗೆ. ಆದರೆ ಒಬ್ಬನೇ ಕಟ್ಟಿದ ಚೌಕಟ್ಟು ಬಹುಕಾಲ ನಿಲ್ಲದು. ಅದಕ್ಕೆ ಮನೆಯವರೂ ಸಮುದಾಯವೂ ಕೈಕೊಡಬೇಕು.

ಮನೆಯಲ್ಲಿರುವವನನ್ನು ಎಲ್ಲರ ಎಲ್ಲ ಕೆಲಸಕ್ಕೂ ಅಟ್ಟುವ ಪರಿಪಾಠ ನಮ್ಮಲ್ಲಿದೆ. 'ಹೇಗೂ ಸುಮ್ಮನೆ ಕೂತಿದ್ದೀಯಲ್ಲ ಮಗಾ, ಪಡಿತರ ತಾ; ಕರೆಂಟ್ ಬಿಲ್ಲು ಕಟ್ಟಿ ಬಾ; ಅತ್ತೆಯನ್ನು ಬಸ್ಸಿಗೆ ಬಿಟ್ಟು ಬಾ.' ಮನೆಗೆಲಸ ಮಾಡುವುದು ತಪ್ಪಲ್ಲ, ಮಾಡಲೇಬೇಕು. ಆದರೆ 'ಸುಮ್ಮನೆ ಕೂತಿದ್ದೀಯಲ್ಲ' ಎಂಬ ಮಾತನ್ನು ಮಾತ್ರ ದಯವಿಟ್ಟು ಕೈಬಿಡಿ. ಅವನ ಬೆಳಗಿನ ಹುಡುಕಾಟದ ಹೊತ್ತನ್ನೂ ಕಲಿಕೆಯ ಹೊತ್ತನ್ನೂ ಕಚೇರಿಯ ಹೊತ್ತಿನಂತೆಯೇ ಗೌರವಿಸಿರಿ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಅನ್ಯಾಯ ಇನ್ನೂ ದೊಡ್ಡದು. ಕೆಲಸ ಕಳೆದುಕೊಂಡ ಮಗನನ್ನು ನಿರುದ್ಯೋಗಿ ಎನ್ನುತ್ತೇವೆ. ಸೊಸೆಯನ್ನು 'ಮನೆಯಲ್ಲಿದ್ದಾಳೆ' ಎಂದು ಹೇಳಿ ಮುಗಿಸುತ್ತೇವೆ. ಅವಳಿಗೆ ಹುಡುಕಾಟದ ಮೂರು ಗಂಟೆಗಳಿರಲಿ, ಮೂರು ನಿಮಿಷಗಳೂ ಸಿಗುವುದಿಲ್ಲ. ಗಂಡನಿಗೆ ಕೆಲಸವಿಲ್ಲದ ಮನೆಯಲ್ಲಿ ಹೆಂಡತಿ ದುಡಿದು ಬಂದು ಒಲೆಯ ಮುಂದೆಯೂ ನಿಲ್ಲುವಳೆಂದರೆ, ಅವನು ಸಮಯವನ್ನು ಹೇಗೆ ಬಳಸಬೇಕೆಂಬ ಪ್ರಶ್ನೆಗೆ ಉತ್ತರ ಆ ಅಡುಗೆಮನೆಯಲ್ಲೇ ಇದೆ. ಸೌಟು ಹಿಡಿದರೆ ಯಾರ ಗೌರವವೂ ಕಡಿಮೆಯಾಗುವುದಿಲ್ಲ.

ಸಾಲ ಮಾಡಿ ಮರ್ಯಾದೆ ಉಳಿಸಿಕೊಳ್ಳುವ ಅಭ್ಯಾಸವನ್ನೂ ಮನೆಗಳು ಬಿಡಬೇಕು. ಯಜಮಾನನಿಗೆ ಕೆಲಸವಿಲ್ಲದ ವರ್ಷದಲ್ಲಿ ಮೊದಲ ಪರಮಪ್ರಸಾದದ ಊಟಕ್ಕೆ ಮುನ್ನೂರು ಜನರನ್ನು ಕರೆಯಬೇಕೆಂದು ಯಾವ ಧರ್ಮವೂ ಹೇಳಿಲ್ಲ. ಮನೆಯ ಸ್ಥಿತಿಯನ್ನು ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕಂತೆ ತಿಳಿಸಿದರೆ ಅವರು ಅರ್ಥಮಾಡಿಕೊಳ್ಳುತ್ತಾರೆ. ಮುಚ್ಚಿಟ್ಟರೆ ಅವರೂ ಮುಚ್ಚಿಡಲು ಕಲಿಯುತ್ತಾರೆ.

ಇನ್ನು ನಮ್ಮ ಧರ್ಮಕೇಂದ್ರಗಳಿಗೆ ಒಂದು ನೇರ ಮಾತು. ಹಬ್ಬಕ್ಕೆ ಚಪ್ಪರ ಹಾಕಲು, ದೀಪ ಜೋಡಿಸಲು, ಲೆಕ್ಕಪತ್ರ ಬರೆಯಲು ಕೆಲಸವಿಲ್ಲದ ಹುಡುಗರು ಕೈಗೆ ಸಿಗುತ್ತಾರೆಂದು ಸಂತೋಷಪಡುವವರು ನಮ್ಮಲ್ಲಿದ್ದಾರೆ. ಸೇವೆ ಪುಣ್ಯಕಾರ್ಯ, ಅದು ನಿರುದ್ಯೋಗಿಯನ್ನು ಮನೆಯ ಮೂಲೆಯಿಂದ ಜನರ ನಡುವೆ ತರುತ್ತದೆ. ಆದರೆ ಹೊರಗಿನವರಿಗೆ ಕೂಲಿ ಕೊಟ್ಟು ಮಾಡಿಸಬೇಕಾದ ಕೆಲಸವನ್ನು ನಮ್ಮ ಹುಡುಗನಿಂದ ಬಿಟ್ಟಿಯಾಗಿ ಮಾಡಿಸಿಕೊಂಡು ಅದಕ್ಕೆ ಸೇವೆಯೆಂದು ಹೆಸರಿಡುವುದು ನ್ಯಾಯವಲ್ಲ. 1891ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು 'ರೇರುಂ ನೊವಾರುಂ' ವಿಶ್ವಪತ್ರದಲ್ಲಿ ನ್ಯಾಯವಾದ ಕೂಲಿಯ ಪರವಾಗಿ ದನಿಯೆತ್ತಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ ಹದಿನಾಲ್ಕನೆಯ ಲಿಯೋ ಅವರು ಆ ಹೆಸರನ್ನು ಆರಿಸಿಕೊಂಡ ಕಾರಣವನ್ನು ವಿವರಿಸುವಾಗ ಅದೇ ಪತ್ರವನ್ನು ನೆನೆದರು. ಇಗರ್ಜಿಯ ಅಂಗಳದಲ್ಲಿಯೇ ಆ ಬೋಧನೆಗೆ ಬೆಲೆಯಿಲ್ಲವಾದರೆ ಪ್ರವಚನ ಪೀಠದಿಂದ ಅದನ್ನು ಸಾರಿ ಪ್ರಯೋಜನವೇನು?

ಪ್ರತಿ ವಾರ್ಡಿನ ಗುರಿಕಾರರು ತಮ್ಮ ವಾರ್ಡಿನಲ್ಲಿ ಯಾರಿಗೆ ಯಾವ ಕಸುಬು ಗೊತ್ತೆಂಬುದನ್ನು, ಅವರ ಒಪ್ಪಿಗೆ ಪಡೆದು, ಪಟ್ಟಿ ಮಾಡಿದರೆ ಸಾಕು. ಮನೆಗೆ ವಿದ್ಯುತ್ ಕೆಲಸದವರು, ಮಕ್ಕಳಿಗೆ ಪಾಠ ಹೇಳುವವರು, ವೃದ್ಧರನ್ನು ನೋಡಿಕೊಳ್ಳುವವರು ಎಲ್ಲಿದ್ದಾರೆಂದು ಅಲೆಯುವ ಕುಟುಂಬಗಳಿಗೂ ಕೆಲಸ ಅರಸುವವರಿಗೂ ಸೇತುವೆಯಾಗುತ್ತದೆ. ವಾರವಿಡೀ ಬೀಗ ಹಾಕಿರುವ ಸಭಾಭವನದಲ್ಲಿ ದಿನಕ್ಕೆ ಕೆಲವು ಗಂಟೆ ಪತ್ರಿಕೆಗಳು, ಮೇಜು ಕುರ್ಚಿ, ಅಂತರ್ಜಾಲದ ಸಂಪರ್ಕ ಇದ್ದರೆ ಓದುವವರು ಬಂದು ಕೂರುತ್ತಾರೆ. ಸಂತ ವಿನ್ಸೆಂಟ್ ದೆ ಪಾವ್ಲರ ಸಭೆಯ ಸದಸ್ಯರು ಅಕ್ಕಿ ಬೇಳೆಯ ಜೊತೆಗೆ ತರಬೇತಿ, ನೇಮಕಾತಿಗಳ ಮಾಹಿತಿಯನ್ನೂ ಮನೆಗೆ ಒಯ್ಯಬಹುದು. ಇವು ಯಾವುವೂ ದೊಡ್ಡ ಹಣದ ಯೋಜನೆಗಳಲ್ಲ.

ನೊವೇನ ಮಾಡಿದರೆ ಇಂತಿಷ್ಟು ದಿನಗಳಲ್ಲಿ ಕೆಲಸ ಸಿಗುತ್ತದೆಂದು ನಾವು ಯಾರಿಗೂ ಹೇಳುವುದಿಲ್ಲ. ಪ್ರಾರ್ಥನೆ ವ್ಯಾಪಾರವಲ್ಲ. ಆದರೆ ಕಾಯುವ ಕಾಲವನ್ನು ಬಾಳಾಗಿ ಪರಿವರ್ತಿಸುವ ಶಕ್ತಿ ಪ್ರಾರ್ಥನೆಗೆ ಇದೆಯೆಂಬುದಕ್ಕೆ ನಮ್ಮ ಕಾಲದಲ್ಲೇ ಸಾಕ್ಷಿಗಳಿವೆ. ವಿಯೆಟ್ನಾಮಿನ ಧರ್ಮಾಧ್ಯಕ್ಷ ಫ್ರಾನ್ಸಿಸ್ ಸೇವಿಯರ್ ನ್ಗುಯೆನ್ ವಾನ್ ಥುವಾನರನ್ನು 1975ರ ಆಗಸ್ಟ್ 15ರಂದು ಬಂಧಿಸಲಾಯಿತು. ಹದಿಮೂರು ವರ್ಷಗಳ ಸೆರೆ. ಅದರಲ್ಲಿ ಒಂಬತ್ತು ವರ್ಷ ಏಕಾಂತ. ಅವರ ಎಲ್ಲ ಕೆಲಸವೂ ಒಂದೇ ದಿನದಲ್ಲಿ ಕಿತ್ತುಕೊಳ್ಳಲ್ಪಟ್ಟಿತ್ತು. ಬಿಡುಗಡೆಯ ದಿನಕ್ಕಾಗಿ ಕಾಯುತ್ತಾ ಕೂರದೆ, ಇರುವ ಕ್ಷಣವನ್ನು ಪ್ರೀತಿಯಿಂದ ತುಂಬುವುದೆಂದು ಅವರು ನಿಶ್ಚಯಿಸಿದರು. ಒಬ್ಬ ಬಾಲಕ ತಂದುಕೊಟ್ಟ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ತಮ್ಮ ಜನರಿಗೆ ರಾತ್ರಿ ರಾತ್ರಿ ಸಂದೇಶಗಳನ್ನು ಬರೆದು ಕಳುಹಿಸಿದರು. ಅವು ಮುಂದೆ ಗ್ರಂಥವಾಗಿ ಅನೇಕ ಭಾಷೆಗಳಿಗೆ ಹೋದವು. ನಿರುದ್ಯೋಗ ಸೆರೆಮನೆಯಲ್ಲ, ಆದರೂ ಅದರ ಗೋಡೆಗಳೊಳಗೆ ಕುಳಿತವರಿಗೆ ಈ ಮಹನೀಯರ ನಿಶ್ಚಯ ದಾರಿ ತೋರಿಸಬಲ್ಲದು.

ಮತ್ತಾಯನ ಶುಭಸಂದೇಶದ ಇಪ್ಪತ್ತನೆಯ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಯಜಮಾನನ ಸಾಮತಿ ಬರುತ್ತದೆ. ಸಂಜೆ ಐದರ ಹೊತ್ತಿಗೆ ಪೇಟೆಗೆ ಹೋದ ಯಜಮಾನ ಅಲ್ಲಿ ಇನ್ನೂ ನಿಂತಿದ್ದವರನ್ನು ಕಂಡು ಕಾರಣ ಕೇಳುತ್ತಾನೆ. ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲವೆಂದು ಅವರು ಹೇಳುತ್ತಾರೆ. ಆ ಉತ್ತರವನ್ನು ಯಜಮಾನ ಸಂಶಯಿಸುವುದಿಲ್ಲ. ಬೆಳಗ್ಗೆಯೇ ಬರಬೇಕಿತ್ತೆಂದು ಉಪದೇಶ ಮಾಡುವುದಿಲ್ಲ. ತೋಟಕ್ಕೆ ಕಳುಹಿಸುತ್ತಾನೆ, ಇಡೀ ದಿನದ ಕೂಲಿ ಕೊಡುತ್ತಾನೆ. ಕರೆ ಬಾರದೆ ನಿಂತ ಅವರ ದಿನವೂ ಅವನ ಲೆಕ್ಕದಲ್ಲಿ ಪೂರ್ತಿ ದಿನವೇ ಆಗಿತ್ತು.

ಕೆಲಸವಿಲ್ಲದ ಸಹೋದರ ಸಹೋದರಿಯರೇ, ನಿಮ್ಮ ದಿನಗಳೂ ಆ ಲೆಕ್ಕದಲ್ಲಿವೆ. ಅವನ್ನು ವ್ಯರ್ಥವೆಂದು ಬರೆದುಬಿಡಬೇಡಿ. ನಾಳೆ ಬೆಳಗ್ಗೆ ಗಂಟೆ ಬಾರಿಸುವಾಗ ಏಳಿರಿ, ಒಂದು ಕೆಲಸವನ್ನು ಆರಿಸಿ ಸಂಜೆಯೊಳಗೆ ಮುಗಿಸಿರಿ. ಕೆಲಸವಿರುವ ಬಂಧುಗಳೇ, ಬರುವ ಭಾನುವಾರ ಪೂಜೆ ಮುಗಿದ ಮೇಲೆ ಕೆಲಸದ ವಿಚಾರ ಕೇಳದೆ ಅಂಥವರೊಬ್ಬರ ಪಕ್ಕದಲ್ಲಿ ನಿಂತು ಮಾತಾಡಿರಿ. ಗೊತ್ತಿರುವ ಅವಕಾಶವಿದ್ದರೆ ತಿಳಿಸಿರಿ. ಇಲ್ಲವಾದರೆ ಒಂದು ಕಪ್ ಚಹಾಕ್ಕೆ ಮನೆಗೆ ಕರೆಯಿರಿ.